ಯಂತ್ರಸಾಕ್ಷಿಯೂ ಆಂಗ್ಲ ನ್ಯಾಯಾಸನವೂ

ಆಂಗ್ಲರ ನ್ಯಾಯಪದ್ಧತಿಯ ವಿಷಯದಲ್ಲಿ ನಮ್ಮ ದೇಶದ ವಕೀಲವರ್ಗಕ್ಕೆ ಒಂದು ಬಗೆಯ ಭಕ್ತಿಯು ಇಂದಿಗೂ ಉಳಿದಿದೆ. ಅದು ಕೇವಲ ನಿರಾಧಾರವಾದುದೆಂದು ನಾವು ಹೇಳಲಾರೆವು. ಆರೋಪ ಹೊರಿಸಿದವನೇ ಅದನ್ನು ರುಜುಪಡಿಸತಕ್ಕದ್ದು, ರುಜುವಾಗುವವರೆಗೆ ಆರೋಪಿಯನ್ನು ನಿರಪರಾಧಿಯೆಂದೇ ಎಣಿಸತಕ್ಕದ್ದು ಎಂಬ ತತ್ತ್ವವನ್ನು ೧೯೩೫ರಲ್ಲಿ ವೂಲ್ಮಿಂಗ್ಟನ್ ಖಟ್ಲೆಯ ತೀರ್ಪಿನಲ್ಲಿ ಇಂಗ್ಲಂಡದ ಲಾರ್ಡ್ಸ್ ಸಭೆಯು ಸ್ಪಷ್ಟವಾಗಿ ಸಾರಿತು. ಕಾಲೇಜಿನಲ್ಲಿ ಕಾಯದೆಯನ್ನು ಓದಿದ ನಾವೆಲ್ಲರೂ ಆ ತೀರ್ಪಿನ ಸಾರವನ್ನು ಬಾಯಿಪಾಠ ಮಾಡಿದವರೇ. ಆದರೆ ಅದೇ ದೇಶದಲ್ಲಿ, ಅದೇ ತತ್ತ್ವವನ್ನು ದಿನಂಪ್ರತಿ ಉಚ್ಚರಿಸುತ್ತಿದ್ದ ನ್ಯಾಯಾಸನಗಳ ಮುಂದೆಯೇ, ೧೯೯೯ರಿಂದ ೨೦೧೫ರವರೆಗೆ ೯೦೦ಕ್ಕೂ ಮಿಕ್ಕಿದ ಸಾಮಾನ್ಯ ಗೃಹಸ್ಥರು ಕಳವು, ಮೋಸ, ಸುಳ್ಳುಲೆಕ್ಕಗಳ ಅಪರಾಧಿಗಳೆನಿಸಿಕೊಂಡರು. ಅವರಿಗೆ ವಿರುದ್ಧವಾಗಿ ನಿಂತ ಮುಖ್ಯ ಸಾಕ್ಷಿಯು ಮನುಷ್ಯನಲ್ಲ, ಒಂದು ಗಣಕಯಂತ್ರ. ಆ ಯಂತ್ರವು ತಪ್ಪು ಹೇಳುತ್ತಿತ್ತು.

ಈ ಪ್ರಕರಣದ ವಿಚಾರಣೆಯ ವರದಿಯ ಮೊದಲನೆಯ ಸಂಪುಟವು ೨೦೨೫ರ ಜುಲೈ ತಿಂಗಳಲ್ಲಿ ಹೊರಬಿದ್ದಿದೆ. ಪರದೇಶದ ಸುದ್ದಿಯೆಂದು ಇದನ್ನು ಓದಿ ಬಿಡುವಂತಿಲ್ಲ. ನಮ್ಮ ಸಾಕ್ಷ್ಯದ ಕಾಯದೆಯೂ ಅವರ ಕಾಯದೆಯೂ ಒಂದೇ ಬೇರಿನಿಂದ ಚಿಗಿತವುಗಳಾದುದರಿಂದ, ಅಲ್ಲಿ ನಡೆದುದೇನು, ಏಕೆ ನಡೆಯಿತು ಎಂಬುದನ್ನು ವಾಚಕರ ಮುಂದೆ ಕ್ರಮವಾಗಿ ಇಡುವುದು ನಮ್ಮ ಕರ್ತವ್ಯವೆಂದು ಬಗೆದಿದ್ದೇವೆ.

ಇಂಗ್ಲಂಡದಲ್ಲಿ ಹಳ್ಳಿಯ ಅಂಚೆಯ ಮನೆಯೆಂದರೆ ಬಹುಮಟ್ಟಿಗೆ ಒಂದು ಚಿಕ್ಕ ಅಂಗಡಿ. ಅಂಗಡಿಯ ಒಡೆಯನು ಪೋಸ್ಟ್ ಆಫೀಸು ಎಂಬ ಸರಕಾರೀ ಸ್ವಾಮ್ಯದ ಸಂಸ್ಥೆಯೊಡನೆ ಕರಾರು ಮಾಡಿಕೊಂಡು, ಒಂದು ಮೂಲೆಯಲ್ಲಿ ಅಂಚೆಚೀಟಿಗಳನ್ನು ಮಾರುವನು. ವೃದ್ಧರಿಗೆ ನಿವೃತ್ತಿವೇತನವನ್ನು ಹಂಚುವನು. ಊರವರ ಉಳಿತಾಯದ ಹಣವನ್ನು ಸ್ವೀಕರಿಸುವನು. ಅವನಿಗೆ ಸಬ್‌ಪೋಸ್ಟ್‌ಮಾಸ್ತರನೆಂದು ಹೆಸರು. ಊರಿನಲ್ಲಿ ಅವನಿಗೆ ಗುರುಗಳಿಗೂ ಶಾಲೆಯ ಮಾಸ್ತರರಿಗೂ ಸಲ್ಲುವಂಥ ಮರ್ಯಾದೆ. ಈ ಶಾಖೆಗಳ ಲೆಕ್ಕವು ಮೊದಲು ಕಾಗದದ ಮೇಲೆ ನಡೆಯುತ್ತಿತ್ತು. ೧೯೯೯ ಮತ್ತು ೨೦೦೦ದ ಸುಮಾರಿಗೆ ‘ಹೊರೈಜನ್’ ಎಂಬ ಗಣಕವ್ಯವಸ್ಥೆಯು ಅದರ ಸ್ಥಾನಕ್ಕೆ ಬಂದಿತು. ಅದನ್ನು ಒದಗಿಸಿದ್ದು ಜಪಾನದ ಫುಜಿತ್ಸು ಕಂಪನಿಯ ಒಡೆತನಕ್ಕೆ ಸೇರಿದ ಸಂಸ್ಥೆ.

ಹೊಸ ಯಂತ್ರ ಬಂದ ಮೇಲೆ ಶಾಖೆಶಾಖೆಗಳಲ್ಲಿ ಹಣದ ಕೊರತೆ ತೋರತೊಡಗಿತು. ಪೆಟ್ಟಿಗೆಯಲ್ಲಿರುವ ಹಣಕ್ಕೂ ಪರದೆಯ ಮೇಲೆ ಕಾಣುವ ಅಂಕಿಗೂ ತಾಳೆಯಾಗಲೊಲ್ಲದು. ಹ್ಯಾಂಪ್‌ಶೈರ್ ಪ್ರಾಂತದ ಸೌತ್ ವಾರ್ನ್‌ಬರೋ ಎಂಬ ಹಳ್ಳಿಯ ಜೋ ಹ್ಯಾಮಿಲ್ಟನ್ ಎಂಬ ಮಹಿಳೆಗೆ ಸುಮಾರು ೨,೦೦೦ ಪೌಂಡಿನ ಕೊರತೆ ಕಂಡಿತು. ಸಹಾಯ ಕೇಳಲು ಸಂಸ್ಥೆಗೆ ದೂರವಾಣಿ ಮಾಡಿ, ಅವರು ಹೇಳಿದಂತೆ ಗುಂಡಿಗಳನ್ನು ಒತ್ತಲಾಗಿ, ಅವಳ ಕಣ್ಣೆದುರಿನಲ್ಲಿಯೇ ಆ ಕೊರತೆಯು ಇಮ್ಮಡಿಯಾಯಿತು! ಮರುದಿನ ಶಾಖೆ ತೆರೆಯಬೇಕಾದರೆ ಲೆಕ್ಕವು ಸರಿಯಾಗಿದೆಯೆಂದು ಒಪ್ಪಿಕೊಳ್ಳಲೇಬೇಕು. ಒಪ್ಪಿಕೊಂಡರೆ ಅದೇ ಸುಳ್ಳುಲೆಕ್ಕದ ಅಪರಾಧ. ಮುಂದಕ್ಕೆ ಹೋದರೆ ಹಳ್ಳ, ಹಿಂದಕ್ಕೆ ಸರಿದರೆ ಹುಲಿ ಎಂಬ ಸ್ಥಿತಿ. ಕಡೆಗೆ ೩೬,೦೦೦ ಪೌಂಡುಗಳ ಕಳವಿನ ಆರೋಪ ಬಂದಿತು. ಸೆರೆಮನೆಯ ಭಯದಿಂದ ಆಕೆಯು ಸುಳ್ಳುಲೆಕ್ಕದ ಆರೋಪವನ್ನು ಒಪ್ಪಿಕೊಂಡಳು. ಅವಳು ಕಳ್ಳಳೆಂದು ನಂಬದ ಊರವರು ತಾವೇ ವಂತಿಗೆ ಕೂಡಿಸಿ ಹಣ ಕೊಟ್ಟರು. ನ್ಯಾಯಾಸನಕ್ಕೆ ತಿಳಿಯದ ಸತ್ಯವು ಊರಿನ ಜನಕ್ಕೆ ತಿಳಿದಿತ್ತು.

ಬ್ರಿಡ್ಲಿಂಗ್ಟನ್ ಊರಿನ ಲೀ ಕ್ಯಾಸಲ್ಟನ್ ಎಂಬವನ ಕಥೆ ಇನ್ನೊಂದು ಬಗೆಯದು. ಸುಮಾರು ೨೫,೦೦೦ ಪೌಂಡಿನ ಕೊರತೆಗಾಗಿ ಅವನ ಮೇಲೆ ದಿವಾಣಿ ದಾವೆ ನಡೆಯಿತು. ವಕೀಲರನ್ನಿಡುವ ಶಕ್ತಿಯಿಲ್ಲದೆ ಅವನು ತಾನೇ ವಾದಿಸಿದನು. ೨೦೦೭ರಲ್ಲಿ ತೀರ್ಪು ಅವನಿಗೆ ವಿರುದ್ಧವಾಯಿತು. ೩,೨೧,೦೦೦ ಪೌಂಡುಗಳ ಕೋರ್ಟುಖರ್ಚು ಅವನ ತಲೆಯ ಮೇಲೆ ಬಿದ್ದು ಅವನು ದಿವಾಳಿಯಾದನು.

ಸರೇ ಪ್ರಾಂತದ ವೆಸ್ಟ್ ಬೈಫ್ಲೀಟ್ ಶಾಖೆಯ ಸೀಮಾ ಮಿಶ್ರಾ ಭಾರತೀಯ ಮೂಲದವಳು. ಅವಳು ಕಳವಿನ ಆರೋಪವನ್ನು ಒಪ್ಪಲಿಲ್ಲ; ಯಂತ್ರವೇ ತಪ್ಪಿರಬಹುದು, ಅದರ ದಾಖಲೆಗಳನ್ನು ತೋರಿಸಿರಿ ಎಂದು ಅವಳ ಪರವಾಗಿ ಮತ್ತೆ ಮತ್ತೆ ಕೇಳಲಾಯಿತು. ೨೦೧೦ರ ನವೆಂಬರಿನಲ್ಲಿ, ತನ್ನ ಹಿರಿಯ ಮಗನ ಹತ್ತನೆಯ ಹುಟ್ಟುಹಬ್ಬದ ದಿನ, ಗರ್ಭಿಣಿಯಾಗಿದ್ದ ಅವಳಿಗೆ ೧೫ ತಿಂಗಳ ಸೆರೆಯ ಶಿಕ್ಷೆಯಾಯಿತು. ಆ ಖಟ್ಲೆ ಗೆದ್ದ ಮೇಲೆ, ಹೊರೈಜನ್ನಿನ ಮೇಲಿನ ದಾಳಿಯನ್ನು ಧ್ವಂಸಮಾಡಿದೆವು, ಇನ್ನು ಮುಂದೆ ಬೇರೆಯವರು ಈ ವಾದವನ್ನು ಹೂಡಲಿಕ್ಕಿಲ್ಲ ಎಂಬ ಅರ್ಥದ ಸಂತೋಷಪತ್ರವು ಪೋಸ್ಟ್ ಆಫೀಸಿನ ಕಾಯದೆ ವಿಭಾಗದಿಂದ ಹೊರಟಿತು. ಸತ್ಯಶೋಧನೆಯು ಮುಗಿದುದಕ್ಕೆ ಆದ ಸಂತೋಷವಲ್ಲ ಅದು. ಸತ್ಯದ ಬಾಗಿಲು ಮುಚ್ಚಿದುದಕ್ಕೆ ಆದ ಸಂತೋಷ.

ಇಷ್ಟು ಜನರಿಗೆ ಒಂದೇ ಬಗೆಯ ಆಪತ್ತು ಬರುತ್ತಿರುವಾಗ ಕೋರ್ಟುಗಳಿಗೆ ಏಕೆ ಸಂಶಯ ಬರಲಿಲ್ಲ? ಇದು ಸಹಜವಾದ ಪ್ರಶ್ನೆ. ನಮ್ಮ ಮತದಲ್ಲಿ ಅದಕ್ಕೆ ಎರಡು ಕಾರಣಗಳುಂಟು. ಎರಡೂ ಕಾಯದೆಗೆ ಸಂಬಂಧಪಟ್ಟವು.

ಮೊದಲನೆಯದು ಸಾಕ್ಷ್ಯದ ಗೃಹೀತ. ೧೯೮೪ರ ಪೋಲೀಸು ಮತ್ತು ಕ್ರಿಮಿನಲ್ ಸಾಕ್ಷ್ಯದ ಕಾಯದೆಯ ೬೯ನೆಯ ಕಲಮಿನಂತೆ, ಗಣಕಯಂತ್ರದ ದಾಖಲೆಯನ್ನು ಸಾಕ್ಷ್ಯವಾಗಿ ತರುವವರು ಆ ಯಂತ್ರವು ಸರಿಯಾಗಿ ನಡೆಯುತ್ತಿತ್ತೆಂಬುದನ್ನು ಮೊದಲು ತೋರಿಸಿಕೊಡಬೇಕಾಗಿತ್ತು. ಇದು ವ್ಯರ್ಥವಾದ ತೊಡಕು ಎಂದು ಭಾವಿಸಿ, ಅಲ್ಲಿಯ ಕಾಯದೆ ಆಯೋಗವು ೧೯೯೭ರಲ್ಲಿ ಆ ಕಲಮನ್ನು ತೆಗೆದುಹಾಕಲು ಶಿಫಾರಸು ಮಾಡಿತು. ೧೯೯೯ರ ಕಾಯದೆಯಿಂದ ಅದು ರದ್ದಾಯಿತು. ಅಲ್ಲಿಂದ ಮುಂದೆ ಹಳೆಯ ಗೃಹೀತವೊಂದು ಮತ್ತೆ ತಲೆಯೆತ್ತಿತು: ಯಂತ್ರವು ಸರಿಯಾಗಿ ಕೆಲಸ ಮಾಡುತ್ತಿದೆಯೆಂದೇ ಕೋರ್ಟು ತಿಳಿಯತಕ್ಕದ್ದು, ಇಲ್ಲವೆನ್ನುವವನು ಅದಕ್ಕೆ ಆಧಾರ ತೋರಿಸತಕ್ಕದ್ದು. ಹೊರೈಜನ್ ಬಂದ ಕಾಲ, ಕಾವಲು ಹೋದ ಕಾಲ, ಎರಡೂ ಒಂದೇ ಆದುದು ಆ ಬಡಪಾಯಿಗಳ ದುರ್ದೈವ.

ಗಡಿಯಾರ, ತಕ್ಕಡಿ, ರಸ್ತೆಯ ದೀಪ ಇಂಥವುಗಳ ವಿಷಯದಲ್ಲಿ ಈ ಗೃಹೀತವು ತಕ್ಕುದೇ. ತಕ್ಕಡಿ ಕೆಟ್ಟರೆ ಕೊಳ್ಳುವವನಿಗೂ ಕಾಣುತ್ತದೆ, ಮಾರುವವನಿಗೂ ಕಾಣುತ್ತದೆ. ಆದರೆ ಸಾವಿರಾರು ಶಾಖೆಗಳನ್ನು ತಂತಿಯಿಂದ ಜೋಡಿಸಿ, ಲಕ್ಷಾವಧಿ ಆಜ್ಞೆಗಳಿಂದ ನಡೆಯುವ ಒಂದು ಗಣಕವ್ಯವಸ್ಥೆಯು ತಕ್ಕಡಿಯಲ್ಲ. ಅದರ ದೋಷವು ಅದನ್ನು ಕಟ್ಟಿದವನಿಗೆ ಮಾತ್ರ ಗೋಚರ. ಹಳ್ಳಿಯ ಅಂಗಡಿಕಾರನು ಅದರ ಹೊಟ್ಟೆಯೊಳಗಿನ ತಪ್ಪನ್ನು ಹೇಗೆ ತೋರಿಸಿಯಾನು? ತೋರಿಸಬೇಕಾದ ದಾಖಲೆಗಳೆಲ್ಲವೂ ಪ್ರತಿಪಕ್ಷದ ಕೈಯಲ್ಲಿವೆ. ಹೀಗೆ ರುಜುವಾತಿನ ಭಾರವು ಬಾಯಿಮಾತಿನಲ್ಲಿ ಫಿರ್ಯಾದಿಯ ಮೇಲಿದ್ದರೂ, ಕಾರ್ಯತಃ ಆರೋಪಿಯ ಹೆಗಲಿಗೆ ಜಾರಿತು. ವೂಲ್ಮಿಂಗ್ಟನ್ ತೀರ್ಪನ್ನು ಯಾರೂ ರದ್ದುಗೊಳಿಸಲಿಲ್ಲ. ಅದರ ಬುಡವನ್ನು ಮಾತ್ರ ಸದ್ದಿಲ್ಲದೆ ಕೊರೆದರು.

ಎರಡನೆಯ ಕಾರಣ ಫಿರ್ಯಾದಿಯ ಸ್ವರೂಪ. ಇಂಗ್ಲಂಡದಲ್ಲಿ ಖಾಸಗಿಯಾಗಿ ಕ್ರಿಮಿನಲ್ ಖಟ್ಲೆ ಹೂಡುವ ಹಕ್ಕು ಬಹು ಪುರಾತನವಾದುದು. ೧೯೮೫ರ ಕಾಯದೆಯೂ ಅದನ್ನು ಉಳಿಸಿಕೊಂಡಿತು. ಆ ಹಕ್ಕಿನ ಬಲದಿಂದ ಸುಮಾರು ೭೦೦ ಜನರ ಮೇಲೆ ಪೋಸ್ಟ್ ಆಫೀಸು ತಾನೇ ಖಟ್ಲೆ ನಡೆಯಿಸಿತು. ಕಳೆದುಹೋಯಿತೆನ್ನುವ ಹಣ ಅದರದು. ಕಳೆಯಿತೆಂದು ಹೇಳುವ ಯಂತ್ರ ಅದರದು. ತನಿಖೆ ಮಾಡುವ ನೌಕರರು ಅದರವರು. ಆರೋಪಪತ್ರ ಬರೆಯುವ ವಕೀಲರೂ ಅದರವರೇ. ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ಇದಕ್ಕಿಂತ ಉತ್ತಮ ಅನುಕೂಲತೆ ಬೇಕೆ? ಫಿರ್ಯಾದಿ ಪಕ್ಷದ ವಕೀಲನು ಆರೋಪಿಗೆ ಸಹಾಯಕವಾದ ದಾಖಲೆಯನ್ನೂ ಅವನಿಗೆ ಕೊಡಬೇಕೆಂಬುದು ಆಂಗ್ಲ ಕಾಯದೆಯ ಶ್ರೇಷ್ಠವಾದ ನಿಯಮ. ೨೦೧೩ರಲ್ಲಿ ಪೋಸ್ಟ್ ಆಫೀಸಿನ ಪರವಾಗಿ ಕೆಲಸ ಮಾಡುತ್ತಿದ್ದ ವಕೀಲನೊಬ್ಬನೇ, ಖಟ್ಲೆಗಳಲ್ಲಿ ಸಾಕ್ಷಿ ಹೇಳಿದ ತಜ್ಞನು ತನಗೆ ತಿಳಿದಿದ್ದ ದೋಷಗಳನ್ನು ಕೋರ್ಟಿಗೆ ತಿಳಿಸಿಲ್ಲವೆಂದು ಲಿಖಿತ ಸಲಹೆ ಕೊಟ್ಟಿದ್ದನು. ಆ ಸಲಹೆಯು ಶಿಕ್ಷೆಗೊಳಗಾದವರ ಕೈಗೆ ಬಂದುದು ಏಳು ವರ್ಷಗಳ ಮೇಲೆ. ನಿಯಮವು ಪುಸ್ತಕದಲ್ಲಿ ಇತ್ತು. ಅದನ್ನು ಪಾಲಿಸಬೇಕಾದವನಿಗೆ ಪಾಲಿಸದಿರುವುದರಲ್ಲಿಯೇ ಹಿತವಿತ್ತು.

ಇನ್ನು ಬಿಡುಗಡೆಯ ಕಥೆ. ವೇಲ್ಸಿನ ಲಾನ್‌ಡಡ್ನೋ ಊರಿನ ಬಳಿಯ ಅಲನ್ ಬೇಟ್ಸ್ ಎಂಬವನು ತಪ್ಪು ಲೆಕ್ಕವನ್ನು ಒಪ್ಪಲು ಮೊದಲಿನಿಂದಲೂ ನಿರಾಕರಿಸಿದನು; ೨೦೦೩ರಲ್ಲಿ ಅವನ ಕರಾರು ರದ್ದಾಯಿತು. ಪ್ರತಿಯೊಬ್ಬ ಮಾಸ್ತರನಿಗೂ ‘ಇಂಥ ತೊಂದರೆ ನಿನ್ನೊಬ್ಬನಿಗೇ’ ಎಂದು ಹೇಳಲಾಗುತ್ತಿದ್ದ ಕಾಲದಲ್ಲಿ, ಅವನು ಊರೂರಿನ ನೊಂದವರನ್ನು ಹುಡುಕಿ ೨೦೦೯ರಲ್ಲಿ ಒಂದು ಕೂಟವನ್ನು ಕಟ್ಟಿದನು. ಅದೇ ವರ್ಷ ‘ಕಂಪ್ಯೂಟರ್ ವೀಕ್ಲಿ’ ಎಂಬ ಪತ್ರಿಕೆಯು ಕೆಲವರ ದುಃಖವನ್ನು ಪ್ರಕಟಿಸಿತು. ದೊಡ್ಡ ಪತ್ರಿಕೆಗಳು ಮೌನವಾಗಿದ್ದಾಗ ಒಂದು ವೃತ್ತಿಪತ್ರಿಕೆಯು ಬಾಯಿ ತೆರೆದುದನ್ನು ಪತ್ರಿಕಾವ್ಯವಸಾಯದವರು ನೆನಪಿನಲ್ಲಿಡತಕ್ಕದ್ದು. ಮುಂದೆ ೫೫೫ ಜನರು ಕೂಡಿ ಹೂಡಿದ ದಾವೆಯಲ್ಲಿ ನ್ಯಾಯಮೂರ್ತಿ ಫ್ರೇಸರರು ೨೦೧೯ರಲ್ಲಿ ಎರಡು ಮುಖ್ಯ ತೀರ್ಪುಗಳನ್ನು ಕೊಟ್ಟು, ಹೊರೈಜನ್ನಿನಲ್ಲಿ ದೋಷಗಳಿದ್ದುವೆಂದೂ, ಮಾಸ್ತರರಿಗೆ ತಿಳಿಯದಂತೆ ದೂರದಿಂದಲೇ ಶಾಖೆಗಳ ಲೆಕ್ಕವನ್ನು ತಿದ್ದಲು ಸಾಧ್ಯವಿತ್ತೆಂದೂ ನಿರ್ಣಯಿಸಿದರು. ಪೋಸ್ಟ್ ಆಫೀಸಿನ ವಾದವು ಭೂಮಿಯು ಚಪ್ಪಟೆಯಾಗಿದೆಯೆಂದು ಹಟ ಹಿಡಿಯುವುದಕ್ಕೆ ಸಮಾನವೆಂದು ಅವರು ಹೇಳಿದುದು ಆಂಗ್ಲ ನ್ಯಾಯಾಸನಗಳ ಮಿತಭಾಷೆಯಲ್ಲಿ ಅಪರೂಪವಾದ ಮಾತು.

ದಾವೆಯು ೫ ಕೋಟಿ ೭೭ ಲಕ್ಷ ೫೦ ಸಾವಿರ ಪೌಂಡುಗಳಿಗೆ ರಾಜಿಯಾಯಿತು. ಅದರಲ್ಲಿ ಬಹುಭಾಗವು ವಕೀಲರಿಗೂ ದಾವೆಗೆ ಬಂಡವಾಳ ಹೂಡಿದವರಿಗೂ ಹೋಗಿ, ನೊಂದವರಿಗೆ ಉಳಿದುದು ತಲೆಗೆ ಸುಮಾರು ೨೦,೦೦೦ ಪೌಂಡು ಮಾತ್ರ. ಮನೆ ಕಳೆದುಕೊಂಡವರಿಗೆ ಅದು ಬಾಡಿಗೆಗೂ ಸಾಲದು. ವಕೀಲವೃತ್ತಿಯವರಾದ ನಾವು ಈ ಅಂಕಿಯನ್ನು ಬರೆಯುವಾಗ ತಲೆ ತಗ್ಗಿಸಬೇಕಾಗಿದೆ. ೨೦೨೧ರ ಏಪ್ರಿಲ್ ೨೩ರಂದು ಅಪೀಲು ಕೋರ್ಟು ೩೯ ಜನರ ಶಿಕ್ಷೆಯನ್ನು ತೆಗೆದುಹಾಕಿತು. ಜೋ ಹ್ಯಾಮಿಲ್ಟನ್, ಸೀಮಾ ಮಿಶ್ರಾ ಇಬ್ಬರೂ ಅವರಲ್ಲಿದ್ದರು. ನ್ಯಾಯವಾದ ವಿಚಾರಣೆ ಅಸಾಧ್ಯವಾಗಿತ್ತು. ಇಷ್ಟೇ ಅಲ್ಲ, ಆ ಖಟ್ಲೆಗಳನ್ನು ನಡೆಯಿಸಿದುದೇ ನ್ಯಾಯದ ಅಂತಃಕರಣಕ್ಕೆ ಅಪಮಾನವೆಂದು ಕೋರ್ಟು ಹೇಳಿತು.

ಆದರೆ ಉಳಿದ ನೂರಾರು ಜನರ ಗತಿಯೇನು? ಒಬ್ಬೊಬ್ಬರೂ ಅಪೀಲು ಮಾಡುತ್ತ ಹೋದರೆ ಆಯುಷ್ಯವೇ ತೀರುತ್ತಿತ್ತು. ೨೦೨೪ರ ಜನವರಿಯಲ್ಲಿ ಈ ಕಥೆಯು ದೂರದರ್ಶನದ ನಾಟಕವಾಗಿ ಬಂದಿತು. ತೀರ್ಪುಗಳು ಮಾಡದ ಕೆಲಸವನ್ನು ನಾಟಕವು ಮಾಡಿತು, ಲೋಕಕ್ಷೋಭೆ ಎದ್ದಿತು. ಅದೇ ವರ್ಷದ ಮೇ ೨೪ರಂದು ಪಾರ್ಲಿಮೆಂಟಿನ ವಿಶೇಷ ಕಾಯದೆಯೊಂದು ಅರಸನ ಅಂಕಿತ ಪಡೆದು, ಇಂಗ್ಲಂಡ, ವೇಲ್ಸ್ ಮತ್ತು ಉತ್ತರ ಐರ್ಲಂಡಗಳಲ್ಲಿಯ ಇಂಥ ಶಿಕ್ಷೆಗಳನ್ನು ಒಟ್ಟಾಗಿ ರದ್ದುಮಾಡಿತು. ಸ್ಕಾಟ್ಲಂಡವು ತನ್ನದೇ ಆದ ಕಾಯದೆಯನ್ನು ಮಾಡಿಕೊಂಡಿತು.

ಶಾಸನಸಭೆಯು ಕೋರ್ಟಿನ ನಿರ್ಣಯಗಳನ್ನು ಅಳಿಸಿಹಾಕುವುದು ಅಪಾಯಕರವಾದ ಮಾರ್ಗವೆಂದು ಅಲ್ಲಿ ಹಲವರು ಆಕ್ಷೇಪಿಸಿದರು. ಆಕ್ಷೇಪವು ಹುರುಳಿಲ್ಲದ್ದೆಂದು ನಾವು ಹೇಳುವುದಿಲ್ಲ. ಇಂದು ನಿರಪರಾಧಿಯನ್ನು ಬಿಡಿಸಲು ಎತ್ತಿದ ಕೈಯು ನಾಳೆ ತನ್ನ ಪಕ್ಷದ ಅಪರಾಧಿಯನ್ನು ಬಿಡಿಸಲೂ ಏಳಬಹುದು. ಆದಾಗ್ಯೂ ಈ ಪ್ರಸಂಗದಲ್ಲಿ ಪಾರ್ಲಿಮೆಂಟು ಮಾಡಿದುದು ಯೋಗ್ಯವೆಂದೇ ನಮ್ಮ ಅಭಿಪ್ರಾಯ. ನ್ಯಾಯಾಸನದ ಘನತೆಯು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದರಲ್ಲಿದೆ. ಇಪ್ಪತ್ತು ವರ್ಷ ತಿದ್ದಿಕೊಳ್ಳದಿದ್ದ ಮೇಲೆ, ಬೇರೊಬ್ಬರು ತಿದ್ದಿದರೆಂದು ದೂರುವ ಅಧಿಕಾರ ಅದಕ್ಕೆ ಉಳಿಯುವುದಿಲ್ಲ.

ಸರ್ ವಿನ್ ವಿಲಿಯಮ್ಸರ ವಿಚಾರಣಾ ವರದಿಯು ಹೇಳುವಂತೆ ಈ ಆಪತ್ತಿನಿಂದ ೧೩ ಜನರು ಆತ್ಮಹತ್ಯೆ ಮಾಡಿಕೊಂಡಿರಬಹುದು. ನೂರು ಕೋಟಿ ಪೌಂಡುಗಳಿಗೂ ಮಿಕ್ಕಿದ ಪರಿಹಾರವು ಹಂಚಿಹೋಗಿದೆ. ಹೋದ ಜೀವಗಳಿಗೆ ಪರಿಹಾರವಿಲ್ಲ. ಪೋಲೀಸರ ತನಿಖೆ ನಡೆದಿದ್ದರೂ, ಈ ವರದಿ ಹೊರಟಾಗ ಸಂಸ್ಥೆಯ ಒಬ್ಬ ಅಧಿಕಾರಿಯ ಮೇಲೂ ದೋಷಾರೋಪಣೆ ಆಗಿರಲಿಲ್ಲ. ಅಂಗಡಿಕಾರನನ್ನು ಸೆರೆಗೆ ಕಳಿಸಲು ಕೆಲವು ತಿಂಗಳು ಸಾಕಾದುವು. ದೊಡ್ಡವರನ್ನು ಪ್ರಶ್ನಿಸಲು ಎರಡು ದಶಕಗಳೂ ಸಾಲಲಿಲ್ಲ. ಯಂತ್ರವು ಸರಿಯಾಗಿದೆಯೆಂಬ ಆ ಗೃಹೀತವನ್ನು ಬದಲಿಸಬೇಕೋ ಎಂದು ಅಲ್ಲಿಯ ನ್ಯಾಯಶಾಖೆಯು ೨೦೨೫ರ ಮೊದಲಲ್ಲಿ ಜನರ ಅಭಿಪ್ರಾಯವನ್ನು ಕೇಳಿತು. ರೋಗದ ಮೂಲಕ್ಕೆ ಈಗಲಾದರೂ ಕೈಹಾಕಿದುದು ಸಮಾಧಾನದ ಸಂಗತಿ.

ಈಗ ನಮ್ಮ ಮನೆಯ ಕಡೆಗೆ ದೃಷ್ಟಿ ಹೊರಳಿಸೋಣ. ೨೦೦೦ದಲ್ಲಿ ನಾವು ನಮ್ಮ ಸಾಕ್ಷ್ಯದ ಕಾಯದೆಗೆ ೬೫ಬಿ ಕಲಮನ್ನು ಸೇರಿಸಿದೆವು. ಗಣಕಯಂತ್ರದ ದಾಖಲೆಗೆ ಪ್ರಮಾಣಪತ್ರ ಬೇಕೆನ್ನುವ ಈ ಕಲಮಿನ ಮಾದರಿಯು ಆಂಗ್ಲರ ೧೯೬೮ರ ದಿವಾಣಿ ಸಾಕ್ಷ್ಯದ ಕಾಯದೆಯ ೫ನೆಯ ಕಲಮು. ಆಂಗ್ಲರು ಅದನ್ನು ೧೯೯೫ರಲ್ಲಿಯೇ ಕಿತ್ತೊಗೆದಿದ್ದರು! ಅವರು ಬಿಸುಟ ಅಂಗಿಯನ್ನು ನಾವು ತೊಟ್ಟೆವೆಂದು ನಗಬಹುದು. ಆದರೆ ಚಳಿ ಬಂದಾಗ ಬರಿಮೈಯಲ್ಲಿ ನಿಂತವರು ಅವರೇ. ನಮ್ಮ ಸುಪ್ರೀಮ್ ಕೋರ್ಟು ೨೦೧೪ರಲ್ಲಿ ಅನ್ವರ್ ಖಟ್ಲೆಯಲ್ಲಿಯೂ, ೨೦೨೦ರಲ್ಲಿ ಅರ್ಜುನ ಪಂಡಿತರಾವ ಖೋತ್ಕರ ಖಟ್ಲೆಯಲ್ಲಿಯೂ ಈ ಪ್ರಮಾಣಪತ್ರದ ಅವಶ್ಯಕತೆಯನ್ನು ಎತ್ತಿಹಿಡಿಯಿತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಮಿನಲ್ಲಿಯೂ ಅದು ಉಳಿದಿದೆ. ಜೊತೆಗೆ ತಜ್ಞನ ಸಹಿಯೂ ಬೇಕಾಗಿದೆ.

ಹಾಗಾದರೆ ನಾವು ನಿಶ್ಚಿಂತರಾಗಿರಬಹುದೆ? ಇಲ್ಲ. ಆ ಪ್ರಮಾಣಪತ್ರದಲ್ಲಿ ಮುಖ್ಯವಾಗಿ ಕಾಣುವುದು ‘ಹ್ಯಾಶ್’ ಎಂಬ ಅಂಕಿಮುದ್ರೆ. ಕೋರ್ಟಿಗೆ ತಂದ ನಕಲು ಮೂಲದಂತೆಯೇ ಇದೆ, ನಡುವೆ ಯಾರೂ ತಿದ್ದಿಲ್ಲ ಎಂಬುದನ್ನು ಅದು ತೋರಿಸುತ್ತದೆ. ಮೂಲವೇ ಸತ್ಯವೆಂಬುದನ್ನು ಅದು ತೋರಿಸುವುದಿಲ್ಲ. ಹೊರೈಜನ್ನಿನ ತಪ್ಪು ಲೆಕ್ಕಕ್ಕೂ ಅಂಥ ಮುದ್ರೆಯನ್ನು ಒತ್ತಬಹುದಾಗಿತ್ತು. ಸುಳ್ಳಿನ ನಿಜಪ್ರತಿಯೆಂಬ ಗೌರವವು ಅದಕ್ಕೆ ದೊರೆಯುತ್ತಿತ್ತು. ಯಂತ್ರವು ಸರಿಯಾಗಿ ನಡೆಯುತ್ತಿತ್ತೆಂಬ ವಾಕ್ಯವೂ ಪ್ರಮಾಣಪತ್ರದಲ್ಲಿ ಇರುತ್ತದೆ, ನಿಜ. ಆದರೆ ಅದು ಅಚ್ಚಾದ ನಮೂನೆಯ ವಾಕ್ಯ. ಸಹಿ ಹಾಕುವವನು ಅನೇಕ ವೇಳೆ ಫಿರ್ಯಾದಿ ಸಂಸ್ಥೆಯ ನೌಕರನೇ. ತನ್ನ ಸಂಸ್ಥೆಯ ಯಂತ್ರದ ಒಳಗನ್ನು ಅವನೂ ಎಂದೂ ಕಂಡವನಲ್ಲ. ವಿಧಿಯು ಉಳಿದು ಅದರ ಪ್ರಾಣ ಹೋದರೆ, ಕಾವಲು ಇದ್ದೂ ಇಲ್ಲದಂತೆ.

ಕರ್ನಾಟಕದ ರೈತನ ಪಹಣಿಯು ಗಣಕಯಂತ್ರಕ್ಕೆ ಸೇರಿ ಎರಡು ದಶಕಗಳು ಕಳೆದಿವೆ. ಹಳ್ಳಿಯ ಶಾಖಾ ಅಂಚೆಯ ಮಾಸ್ತರನ ಕೈಯಲ್ಲಿ ಲೆಕ್ಕದ ಕೈಯಂತ್ರವಿದೆ. ಬ್ಯಾಂಕಿನ ಸಾಲ, ಪಡಿತರದ ಧಾನ್ಯ, ವೃದ್ಧೆಯ ಮಾಸಾಶನ ಎಲ್ಲವೂ ಪರದೆಯ ಮೇಲಿನ ಅಂಕಿಗಳು. ಇವುಗಳಿಂದ ಲಂಚಗುಳಿತನ ಕಡಿಮೆಯಾದಲ್ಲಿ ನಮಗೆ ಸಂತೋಷವೇ. ಯಂತ್ರವನ್ನು ದ್ವೇಷಿಸುವವರು ನಾವಲ್ಲ. ಆದರೆ ‘ಕಂಪ್ಯೂಟರಿನಲ್ಲಿ ಹಾಗಿದೆ’ ಎಂಬ ಒಂದೇ ಮಾತಿನಿಂದ ಬಡವನ ಬಾಯಿ ಮುಚ್ಚಿಸುವುದನ್ನು ಯಾವ ತಾಲೂಕು ಕಚೇರಿಯ ಬಾಗಿಲಲ್ಲಿ ನಿಂತರೂ ಕೇಳಬಹುದು. ಆ ಮಾತು ಕಚೇರಿಯಲ್ಲಿ ಉದ್ಧಟತನವೆನಿಸಿದರೆ, ನ್ಯಾಯಾಸನದಲ್ಲಿ ಅದು ಅನರ್ಥವಾಗುತ್ತದೆ.

ಆದುದರಿಂದ ನಮ್ಮ ಸೂಚನೆಗಳು ಮೂರು. ಯಂತ್ರದ ಲೆಕ್ಕವೊಂದನ್ನೇ ಆಧರಿಸಿ ಒಬ್ಬನನ್ನು ದೋಷಿಯೆನ್ನುವಾಗ, ಆ ಯಂತ್ರದ ತಿಳಿದ ದೋಷಗಳ ದಾಖಲೆಯನ್ನು ಆರೋಪಿಗೆ ಕೇಳದೆಯೇ ಕೊಡತಕ್ಕದ್ದು. ಅವನು ಸಂಶಯಕ್ಕೆ ಸಾಮಾನ್ಯವಾದೊಂದು ಕಾರಣವನ್ನು ತೋರಿಸಿದೊಡನೆ, ಯಂತ್ರವು ಸರಿಯಾಗಿತ್ತೆಂದು ರುಜುಪಡಿಸುವ ಭಾರವು ಪೂರ್ತಿಯಾಗಿ ಫಿರ್ಯಾದಿಯದಾಗತಕ್ಕದ್ದು. ಹಣ ಕಳೆದುಕೊಂಡ ಸಂಸ್ಥೆಯೇ ತನಿಖೆಗಾರನೂ ಆಗಿ, ಇಲಾಖಾ ವಿಚಾರಣೆಯಲ್ಲಿ ನಿರ್ಣಾಯಕನೂ ಆಗುವುದನ್ನು ನಿಲ್ಲಿಸತಕ್ಕದ್ದು. ಇವುಗಳಿಗೆ ಶಾಸನಸಭೆಯ ಅನುಗ್ರಹವಾಗುವವರೆಗೆ ಕಾಯಬೇಕಾಗಿಲ್ಲ. ಮೊದಲಿನ ಎರಡನ್ನು ನಮ್ಮ ವಕೀಲರು ನಾಳೆಯ ಪಾಟೀಸವಾಲಿನಿಂದಲೇ ಆರಂಭಿಸಬಹುದು. ಪ್ರಮಾಣಪತ್ರಕ್ಕೆ ಸಹಿ ಮಾಡಿದವನನ್ನು ಸಾಕ್ಷಿಕಟ್ಟೆಗೆ ಕರೆಯಿಸಿ, ‘ಇದು ಸರಿಯೆಂದು ನಿನಗೆ ಹೇಗೆ ಗೊತ್ತು?’ ಎಂದು ಕೇಳಿದರೆ ಸಾಕು.

ಇಂಗ್ಲಂಡದಲ್ಲಿ ಆ ಒಂದು ಪ್ರಶ್ನೆಯನ್ನು ಕೋರ್ಟುಗಳು ಪಟ್ಟುಹಿಡಿದು ಕೇಳಲಿಲ್ಲ. ಹ್ಯಾಂಪ್‌ಶೈರಿನ ಹಳ್ಳಿಗರು ಯಂತ್ರವನ್ನು ಬಿಟ್ಟು ತಮ್ಮ ಮಾಸ್ತರಳ ಮಾತನ್ನು ನಂಬಿದರು. ನ್ಯಾಯಾಧೀಶನಿಗೆ ಅಷ್ಟು ಸುಲಭವಾಗಿ ನಂಬುವ ಅಧಿಕಾರವಿಲ್ಲ. ಆದರೆ ಕೇಳುವ ಅಧಿಕಾರವುಂಟು, ಕೇಳುವ ಕರ್ತವ್ಯವೂ ಉಂಟು.